ಪೆಪ್ಟೈಡ್ ಹಾಕಿದರೆ ಮೆಲಟೋನಿನ್ ಏರುತ್ತದಾ? ಪೀನಿಯಲ್ ಪ್ರಯೋಗಕ್ಕೆ ಇಳಿಯುವವರಿಗೆ

ಪ್ರಾಜೆಕ್ಟ್ ಹಂಚುವ ಹೊತ್ತು ಬಂತೆಂದರೆ ಎಂ.ಎಸ್ಸಿ. ಮಕ್ಕಳು ನನ್ನ ಟೇಬಲ್ ಮುಂದೆ ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ಈ ಪೆಪ್ಟೈಡ್ ಮೆಲಟೋನಿನ್ ಜಾಸ್ತಿ ಮಾಡುತ್ತಾ, ಕಡಿಮೆ ಮಾಡುತ್ತಾ?"

ಮೆಲಟೋನಿನ್ ಅಂದರೆ ಮಿದುಳಿನ ನಡುವಿನ ಪೀನಿಯಲ್ ಎಂಬ ಪುಟ್ಟ ಗ್ರಂಥಿ ರಾತ್ರಿ ತಯಾರಿಸುವ ಹಾರ್ಮೋನ್. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಸಣ್ಣ ಸರಪಣಿ, ಇಲ್ಲಿ ನರಗಳು ಸುದ್ದಿ ಕಳಿಸಲು ಬಳಸುವ ಪೆಪ್ಟೈಡ್‌ಗಳ ಮಾತು. ಪ್ರಶ್ನೆ ಚೆನ್ನಾಗಿದೆ. ಆದರೆ ಈ ರೂಪದಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಪೆಪ್ಟೈಡ್ ಯಾವ ನರದಿಂದ ಬಂತು, ಯಾವ ಹೊತ್ತಿನಲ್ಲಿ ಬಂತು, ಆಗ ಪಕ್ಕದಲ್ಲಿ ನಾರ್‌ಅಡ್ರಿನಲಿನ್ ಎಂಬ ನರಸಂದೇಶಕ ಇತ್ತಾ ಇಲ್ಲವಾ, ಇಷ್ಟು ಗೊತ್ತಿಲ್ಲದೆ "ಜಾಸ್ತಿ" ಅಂತಲೂ ಹೇಳಲಾಗದು, "ಕಡಿಮೆ" ಅಂತಲೂ ಹೇಳಲಾಗದು. ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಶರೀರಕ್ರಿಯೆ ಪಾಠ ಮಾಡುವವಳು. ಈ ಪ್ರಯೋಗ ಮಾಡಲು ಬರುವ ಹುಡುಗ ಹುಡುಗಿಯರಿಗೆ ಬಾಯಿಮಾತಿನಲ್ಲಿ ಹೇಳುತ್ತಾ ಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಪ್ರಯೋಗ ಮಾಡದವರಿಗೂ ಮೊದಲ ಭಾಗ ಉಪಯೋಗವಾದೀತು.

ಮೊದಲು ಹಾಳೆಯ ಮೇಲೆ

ಒಂದು ಎ4 ಹಾಳೆ ಅಡ್ಡ ಹಿಡಿಯಿರಿ. ಎಡತುದಿಯಲ್ಲಿ ಕಣ್ಣು ಬರೆಯಿರಿ, ಬಲತುದಿಯಲ್ಲಿ ಪೀನಿಯಲ್. ಕಣ್ಣಿನ ರೆಟಿನಾದಲ್ಲಿ ಮೆಲನಾಪ್ಸಿನ್ ಎಂಬ ಬೆಳಕು ಹಿಡಿಯುವ ವಸ್ತು ಇರುವ ಕೆಲವು ಜೀವಕೋಶಗಳಿವೆ. ಅವು ಬೆಳಕಿನ ಸುದ್ದಿಯನ್ನು ಮಿದುಳಿನ ತಳಭಾಗದ ಹೈಪೋಥಲಾಮಸ್‌ನಲ್ಲಿರುವ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್‌ಗೆ ಕಳಿಸುತ್ತವೆ. ಎಸ್‌ಸಿಎನ್ ಅಂತ ಕರೆಯೋಣ. ನಮ್ಮ ದಿನದ ಗಡಿಯಾರ ಇದೇ. ಹಗಲಲ್ಲಿ ಎಸ್‌ಸಿಎನ್ ಪಕ್ಕದ ಪ್ಯಾರಾವೆಂಟ್ರಿಕ್ಯುಲರ್ ನ್ಯೂಕ್ಲಿಯಸ್ ಅನ್ನು ಗಾಬಾ ಎಂಬ, ನರವನ್ನು ತಡೆಯುವ ರಾಸಾಯನಿಕ ಸುರಿಸಿ ಸುಮ್ಮನಿರಿಸುತ್ತದೆ. ಕತ್ತಲಾದ ಮೇಲೆ ಆ ತಡೆ ಸಡಿಲವಾಗುತ್ತದೆ. ಆಗ ಸುದ್ದಿ ಬೆನ್ನುಹುರಿಗೆ ಇಳಿಯುತ್ತದೆ. ಎದೆಯ ಮೇಲ್ಭಾಗದ ಮಟ್ಟದಲ್ಲಿ ಹೊರಬಂದು ಕುತ್ತಿಗೆಯ ಸುಪೀರಿಯರ್ ಸರ್ವೈಕಲ್ ಗ್ಯಾಂಗ್ಲಿಯನ್ ಎಂಬ ನರಗಂಟಿಗೆ ಏರುತ್ತದೆ. ಅಲ್ಲಿಂದ ಮತ್ತೆ ತಲೆಯೊಳಗೆ ಹೋಗಿ ಪೀನಿಯಲ್ ಮುಟ್ಟುತ್ತದೆ. ಕೊನೆಯ ನರದ ತುದಿಯಲ್ಲಿ ಹೊರಬೀಳುವುದು ನಾರ್‌ಅಡ್ರಿನಲಿನ್.

ತಲೆಯೊಳಗೇ ಇರುವ ಗ್ರಂಥಿಗೆ ತಲೆಯೊಳಗಿನ ಸುದ್ದಿ ಎದೆ, ಕುತ್ತಿಗೆ ಸುತ್ತಿಕೊಂಡು ಬರುತ್ತದೆ! ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಈಗಲೂ ಬೆರಗಾಗುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿ ಪೂರ್ತಿ ತುಂಡಾದವರಲ್ಲಿ ರಾತ್ರಿಯ ಮೆಲಟೋನಿನ್ ಏರಿಕೆ ಇಲ್ಲವಾಗುವುದು ಇದೇ ಕಾರಣಕ್ಕೆ. ಇಲಿಯಲ್ಲಿ ಆ ಗ್ಯಾಂಗ್ಲಿಯನ್ ತೆಗೆದರೂ ಹಾಗೇ ಆಗುತ್ತದೆ. ಅಂದರೆ ಯಜಮಾನ ನಾರ್‌ಅಡ್ರಿನಲಿನ್. ಪೆಪ್ಟೈಡ್‌ಗಳ ಮಾತು ಏನಿದ್ದರೂ ಅದರ ಜೊತೆಗೆ.

ಈಗ ಕೆಂಪು ಪೆನ್ಸಿಲ್ ತೆಗೆದುಕೊಂಡು ಪೆಪ್ಟೈಡ್‌ಗಳನ್ನು ಅದೇ ಹಾಳೆಯಲ್ಲಿ ಕೂರಿಸಿ. ಎನ್‌ಪಿವೈ, ಅಂದರೆ ನ್ಯೂರೋಪೆಪ್ಟೈಡ್ ವೈ, ಗ್ಯಾಂಗ್ಲಿಯನ್‌ನಿಂದ ಬರುವ ಅದೇ ನರದಲ್ಲಿ ನಾರ್‌ಅಡ್ರಿನಲಿನ್ ಜೊತೆಗೇ ಇರುತ್ತದೆ. ವಿಐಪಿ, ಅಂದರೆ ವಾಸೋಆಕ್ಟಿವ್ ಇಂಟೆಸ್ಟೈನಲ್ ಪೆಪ್ಟೈಡ್, ಇರುವ ನರಗಳು ಪ್ಯಾರಾಸಿಂಪಥೆಟಿಕ್ ಕಡೆಯ ಟೆರಿಗೋಪ್ಯಾಲಟೈನ್ ಗ್ಯಾಂಗ್ಲಿಯನ್‌ನಿಂದ ಬರುತ್ತವೆ. ಸಬ್‌ಸ್ಟೆನ್ಸ್ ಪಿ ಇರುವ ನರಗಳು ಟ್ರೈಜೆಮಿನಲ್ ಗ್ಯಾಂಗ್ಲಿಯನ್ ಕಡೆಯವು. ವಾಸೊಪ್ರೆಸಿನ್ ಮತ್ತು ಆಕ್ಸಿಟೋಸಿನ್ ಇರುವ ಎಳೆಗಳು ಹೈಪೋಥಲಾಮಸ್‌ನಿಂದ ಪೀನಿಯಲ್‌ನ ತೊಟ್ಟಿನ ಮೂಲಕ ನೇರವಾಗಿ ಬರುತ್ತವೆ.

ಇಷ್ಟು ಬರೆದಾಗ ಒಂದು ತೊಡಕು ಕಣ್ಣಿಗೆ ಬೀಳಬೇಕು. ಒಂದೇ ಪೆಪ್ಟೈಡ್ ಹಾಳೆಯಲ್ಲಿ ಎರಡು ಕಡೆ ಬರುತ್ತದೆ. ವಿಐಪಿ ಪೀನಿಯಲ್‌ನಲ್ಲೂ ಇದೆ, ಎಸ್‌ಸಿಎನ್‌ನೊಳಗೂ ಇದೆ. ಎಸ್‌ಸಿಎನ್‌ನಲ್ಲಿ ಅದರ ಕೆಲಸ ಅಲ್ಲಿನ ಜೀವಕೋಶಗಳ ತಾಳ ಒಂದಾಗಿ ನಡೆಯುವಂತೆ ನೋಡಿಕೊಳ್ಳುವುದು. ಎನ್‌ಪಿವೈ ಪೀನಿಯಲ್‌ನಲ್ಲೂ ಇದೆ, ಎಸ್‌ಸಿಎನ್‌ಗೆ ಬೆಳಕಲ್ಲದ ಸುದ್ದಿ ತರುವ ನರದಲ್ಲೂ ಇದೆ. ಪಿಎಸಿಎಪಿ ಎಂಬ ಪೆಪ್ಟೈಡ್ ಕಣ್ಣಿನಿಂದ ಎಸ್‌ಸಿಎನ್‌ಗೆ ಬರುವ ನರದಲ್ಲಿ ಗ್ಲುಟಮೇಟ್ ಎಂಬ ನರಸಂದೇಶಕದ ಜೊತೆ ಇದೆ, ಪೀನಿಯಲ್‌ನಲ್ಲೂ ಕೆಲಸ ಮಾಡುತ್ತದೆ. ಹಾಗಾಗಿ ಬದುಕಿರುವ ಇಲಿಯ ಮಿದುಳಿಗೆ ವಿಐಪಿ ಕೊಟ್ಟು ರಕ್ತದ ಮೆಲಟೋನಿನ್ ಅಳೆದರೆ, ಬದಲಾದದ್ದು ಗಡಿಯಾರವೋ ಪೀನಿಯಲ್ಲೋ ತಿಳಿಯುವುದೇ ಇಲ್ಲ. ಪೀನಿಯಲ್ ಅನ್ನು ಹೊರತೆಗೆದು ತಟ್ಟೆಯಲ್ಲಿ ಬದುಕಿಸಿಟ್ಟು ನೋಡುವುದು ಇದಕ್ಕಾಗಿ.

ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಹಣ್ಣಿನ ನೊಣದ ಗಡಿಯಾರದ ಮೇಲೆ ವರ್ಷಾನುಗಟ್ಟಲೆ ಕೆಲಸ ನಡೆದಿದೆ. ಆ ನೊಣಕ್ಕೆ ಪೀನಿಯಲ್ ಇಲ್ಲ. ಆದರೂ ಅದರ ಗಡಿಯಾರದ ನರಗಳು ಮಾತಾಡಿಕೊಳ್ಳುವುದು ಮುಖ್ಯವಾಗಿ ಪಿಡಿಎಫ್ ಎಂಬ ಪೆಪ್ಟೈಡ್ ಮೂಲಕ. ಅವಕಾಶ ಸಿಕ್ಕರೆ ಅಲ್ಲಿನ ಉಪನ್ಯಾಸಗಳಿಗೆ ಹೋಗಿ ಬನ್ನಿ.

"ಬಿಡುಗಡೆ" ಅಂದರೆ ಇಲ್ಲಿ ಏನು

ಇನ್ಸುಲಿನ್ ಪಾಠ ಓದಿ ಬಂದವರಿಗೆ ಹಾರ್ಮೋನ್ ಅಂದರೆ ಮೊದಲೇ ತಯಾರಾಗಿ ಕೂತಿರುತ್ತದೆ, ಸಂಕೇತ ಬಂದಾಗ ಹೊರಬೀಳುತ್ತದೆ ಎಂಬ ಚಿತ್ರ ಇರುತ್ತದೆ. ಪೀನಿಯಲ್ ಹಾಗಲ್ಲ. ಇದು ದರ್ಶಿನಿಯ ದೋಸೆ. ಕಲ್ಲಿನಿಂದ ಎದ್ದದ್ದು ನೇರ ತಟ್ಟೆಗೆ, ಕೂಡಿಡುವ ಮಾತಿಲ್ಲ. ಮೆಲಟೋನಿನ್ ತಯಾರಾದ ಹಾಗೇ ಜೀವಕೋಶದ ಪೊರೆ ದಾಟಿ ರಕ್ತಕ್ಕೆ ಹೋಗುತ್ತದೆ. ಆದ್ದರಿಂದ ಪೆಪ್ಟೈಡ್ "ಬಿಡುಗಡೆ" ಬದಲಿಸಿತು ಅಂದರೆ ತಯಾರಿಯನ್ನು ಬದಲಿಸಿತು ಅಂತಲೇ ಅರ್ಥ.

ತಯಾರಿಯ ಹಾದಿ ಹೀಗೆ: ಟ್ರಿಪ್ಟೊಫಾನ್‌ನಿಂದ ಸಿರೊಟೋನಿನ್, ಸಿರೊಟೋನಿನ್‌ನಿಂದ ಎನ್-ಅಸಿಟೈಲ್ ಸಿರೊಟೋನಿನ್, ಅದರಿಂದ ಮೆಲಟೋನಿನ್. ನಡುವಿನ ಹೆಜ್ಜೆ ಮಾಡಿಸುವ ಕಿಣ್ವ ಎಎಎನ್‌ಎಟಿ. ಇಲಿಯಲ್ಲಿ ಇದರ ಚಟುವಟಿಕೆ ರಾತ್ರಿ ಸುಮಾರು 100 ಪಟ್ಟು ಏರುತ್ತದೆ. ನಾರ್‌ಅಡ್ರಿನಲಿನ್ ಪೀನಿಯಲ್ ಜೀವಕೋಶದ ಮೇಲಿನ ಬೀಟಾ-1 ರಿಸೆಪ್ಟರ್ (ಸುದ್ದಿ ಹಿಡಿಯುವ ಪ್ರೋಟೀನ್) ಹಿಡಿದಾಗ ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಒಳಸಂದೇಶಕ ಏರುತ್ತದೆ, ಅದರಿಂದ ಎಎಎನ್‌ಎಟಿ ಏರುತ್ತದೆ. ಬೀಟಾ ಒಂದೇ ಆದರೆ ಸೈಕ್ಲಿಕ್ ಎಎಂಪಿ ಸುಮಾರು 10 ಪಟ್ಟು ಏರುತ್ತದೆ. ಜೊತೆಗೆ ಆಲ್ಫಾ-1 ಎಂಬ ಇನ್ನೊಂದು ರಿಸೆಪ್ಟರ್ ಕೂಡ ಹಿಡಿದರೆ ಸುಮಾರು 100 ಪಟ್ಟು. ಆಲ್ಫಾ-1 ತಾನೊಂದೇ ಹೆಚ್ಚೇನೂ ಮಾಡದು, ಇನ್ನೊಬ್ಬರ ಕೆಲಸವನ್ನು ದೊಡ್ಡದು ಮಾಡುತ್ತದೆ. ಇದನ್ನು ಗಟ್ಟಿ ಮಾಡಿಕೊಳ್ಳಿ. ಪೆಪ್ಟೈಡ್‌ಗಳಲ್ಲೂ ಈ ಎರಡು ಬಗೆಯವು ಸಿಗುತ್ತವೆ. ವಿಐಪಿ ಮತ್ತು ಪಿಎಸಿಎಪಿ ತಾವೇ ಸೈಕ್ಲಿಕ್ ಎಎಂಪಿ ಏರಿಸುತ್ತವೆ, ಆಲ್ಫಾ-1 ಜೊತೆಯಾದರೆ ವಿಐಪಿಯ ಕೆಲಸವೂ ದೊಡ್ಡದಾಗುತ್ತದೆ. ವಾಸೊಪ್ರೆಸಿನ್ ಎರಡನೆಯ ಬಗೆಯದು. ಒಂಟಿಯಾಗಿ ಹಾಕಿದರೆ ಸಪ್ಪೆ, ಬೀಟಾ ಪ್ರಚೋದನೆಯ ಮೇಲೆ ಹಾಕಿದರೆ ಪರಿಣಾಮ ಕಾಣುತ್ತದೆ.

ಆಡಿನ ತಲೆಯಲ್ಲಿ ಕೈ ಪಳಗಿಸಿ

ಇಲಿಯ ಪೀನಿಯಲ್ ಸುಮಾರು 1 ಮಿಲಿಗ್ರಾಂ. ಮೊದಲ ದಿನವೇ ಇಲಿಯ ಮೇಲೆ ಕಲಿಯುವುದು ನನಗೆ ಒಪ್ಪಿಗೆಯಿಲ್ಲ. ಒಂದು ಜೀವ ಹೋಗುತ್ತದೆ, ಗ್ರಂಥಿಯೂ ಸಿಗುವುದಿಲ್ಲ. ಶಿವಾಜಿನಗರದಲ್ಲಿ ತಲೆಮಾಂಸ ಮಾರುವ ಅಂಗಡಿಗಳಿವೆ. ಅಲ್ಲಿಂದ ಆಡಿನ ತಲೆ ತನ್ನಿ. ಒಂದೇ ಎಚ್ಚರಿಕೆ: "ಅಣ್ಣಾ, ಸೀಳಬೇಡಿ, ಇಡೀ ತಲೆ ಬೇಕು" ಅಂತ ಮೊದಲೇ ಹೇಳಿ. ಅವರು ರೂಢಿಯಂತೆ ನಡುಗೆರೆಯಲ್ಲಿ ಮಚ್ಚು ಇಳಿಸುತ್ತಾರೆ. ಪೀನಿಯಲ್ ಕೂತಿರುವುದು ಸರಿಯಾಗಿ ಆ ನಡುಗೆರೆಯಲ್ಲೇ, ಎರಡು ಅರೆಮಿದುಳುಗಳ ಹಿಂಬದಿಯ ಸಂದಿನಲ್ಲಿ.

ಆಡು, ಕುರಿಯ ಗ್ರಂಥಿಯನ್ನೇ ಪ್ರಯೋಗಕ್ಕೆ ಬಳಸಬಾರದಾ, ಒಂದು ಪ್ರಾಣಿಯಾದರೂ ಉಳಿಯುತ್ತಲ್ಲ ಅಂತ ತುಮಕೂರಿನಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಒಳ್ಳೆಯ ಮನಸ್ಸಿನ ಪ್ರಶ್ನೆ. ಬಳಸಬಹುದು. ಕುರಿಯ ಪೀನಿಯಲ್ ಜೀವಕೋಶಗಳನ್ನು ಬೆಳೆಸಿ ಕೆಲಸ ಮಾಡಿದವರಿದ್ದಾರೆ. 1958ರಲ್ಲಿ ಆರನ್ ಲರ್ನರ್ ಮೆಲಟೋನಿನ್ ಅನ್ನು ಮೊದಲು ಬೇರ್ಪಡಿಸಿದ್ದೂ ದನದ ಪೀನಿಯಲ್‌ಗಳಿಂದಲೇ. ಆದರೆ ಎರಡು ವಿಷಯ ನೆನಪಿರಲಿ. ಇಲಿಯಲ್ಲಿ ರಾತ್ರಿಯಾದ ಮೇಲೆ ಎಎಎನ್‌ಎಟಿಯ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನ್‌ನಿಂದ ಇಳಿಯುವ ಪ್ರತಿ) ಹೊಸದಾಗಿ ತಯಾರಾಗಬೇಕು, ಹಾಗಾಗಿ ಏರಿಕೆಗೆ ಸಮಯ ಹಿಡಿಯುತ್ತದೆ. ಕುರಿಯಲ್ಲಿ ಎಂಆರ್‌ಎನ್‌ಎ ಹಗಲೂ ಇರುತ್ತದೆ, ಪ್ರೋಟೀನ್ ಒಡೆಯುವುದನ್ನು ನಿಲ್ಲಿಸಿದರೆ ಸಾಕು. ಇಲಿಯ ಉತ್ತರವನ್ನು ಕುರಿಗೆ, ಕುರಿಯದನ್ನು ಇಲಿಗೆ ಹಾಗೇ ಅಂಟಿಸಬಾರದು. ಇನ್ನೊಂದು, ಕಸಾಯಿಖಾನೆಯಲ್ಲಿ ಪ್ರಾಣಿ ಎಷ್ಟು ಹೊತ್ತಿಗೆ, ಎಂಥ ಬೆಳಕಿನಲ್ಲಿ ಸತ್ತಿತು ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

ಪ್ರಾಣಿಮನೆಯ ದೀಪ

ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬರುವ ತನಕ ಒಂದು ಇಲಿಯನ್ನೂ ತರಿಸಬೇಡಿ. ಅರ್ಜಿಯಲ್ಲಿ ಎಷ್ಟು ಇಲಿ, ಯಾಕೆ ಅಷ್ಟೇ ಅಂತ ಬರೆಯುವಾಗ ಮೇಲಿನ ಹಾಳೆ ಕೈಹಿಡಿಯುತ್ತದೆ.

ಇಲಿಯ (ರ್ಯಾಟ್) ಬದಲು ಚಿಟ್ಟಿಲಿ (ಮೌಸ್) ಬಳಸೋಣ, ಅಗ್ಗ ಅಂತ ಯಾರಾದರೂ ಅಂದರೆ ತಳಿ ಯಾವುದೆಂದು ಕೇಳಿ. ಎಲ್ಲ ಕಡೆ ಸುಲಭವಾಗಿ ಸಿಗುವ ಸಿ57ಬಿಎಲ್/6 ತಳಿಯ ಎಎಎನ್‌ಎಟಿ ಜೀನ್‌ನಲ್ಲೇ ದೋಷವಿದೆ. ಅದರ ಪೀನಿಯಲ್‌ನಲ್ಲಿ ಅಳೆಯುವಷ್ಟು ಮೆಲಟೋನಿನ್ ತಯಾರಾಗುವುದಿಲ್ಲ. ಸಿ3ಎಚ್ ತಳಿಯಾದರೆ ನಡೆಯುತ್ತದೆ.

ಬೆಂಗಳೂರಿನಲ್ಲಿ ಹಗಲಿನ ಉದ್ದ ಡಿಸೆಂಬರ್‌ಗೂ ಜೂನ್‌ಗೂ ಸುಮಾರು ಒಂದೂವರೆ ಗಂಟೆ ಮಾತ್ರ ವ್ಯತ್ಯಾಸ. ಹಾಗಂತ ಕಿಟಕಿಯ ಬೆಳಕನ್ನು ನಂಬಬೇಡಿ. ಟೈಮರ್ ಹಾಕಿ 12 ಗಂಟೆ ದೀಪ, 12 ಗಂಟೆ ಕತ್ತಲು ಕೊಡಿ. ಕನಿಷ್ಠ ಎರಡು ವಾರ ಇಲಿಗಳು ಅದಕ್ಕೆ ಹೊಂದಿಕೊಳ್ಳಲಿ. ನಮ್ಮಲ್ಲಿ ನಿಜವಾದ ಕಾಟ ಏಪ್ರಿಲ್–ಮೇ ಮಳೆಯದು. ಸಂಜೆ ಗುಡುಗು ಬಂತು, ಕರೆಂಟ್ ಹೋಯಿತು, ಜನರೇಟರ್ ಶುರುವಾಯಿತು, ಎಮರ್ಜೆನ್ಸಿ ದೀಪ ತಾನೇ ಹೊತ್ತಿಕೊಂಡಿತು. ಆ ಬೆಳಕಿಗೆ ಇಲಿಯ ಪೀನಿಯಲ್‌ನ ಎಎಎನ್‌ಎಟಿ ಕುಸಿಯಲು ಹೆಚ್ಚು ಹೊತ್ತು ಬೇಡ. ಅರ್ಧ ಇಳಿಯಲು ಸುಮಾರು 3 ನಿಮಿಷ. ರಾತ್ರಿಯ ಗ್ರಂಥಿ ಬೇಕಿದ್ದವರ ಇಡೀ ರಾತ್ರಿ ಹೋಯಿತು. ಆ ಕೋಣೆಯ ಎಮರ್ಜೆನ್ಸಿ ದೀಪದ ಲೈನ್ ಬೇರೆ ಮಾಡಿಸಿ, ಬಾಗಿಲ ಸಂದಿಗೆ ಕಪ್ಪು ಬಟ್ಟೆ ಹೊಡೆಸಿ. ಪ್ರಾಣಿಮನೆ ನೋಡಿಕೊಳ್ಳುವ ಅಣ್ಣನಿಗೆ ಕಾರಣ ಬಿಡಿಸಿ ಹೇಳಿ. ಕಾರಣ ತಿಳಿದವರು ರಾತ್ರಿ ಟಾರ್ಚ್ ಹಿಡಿದು ಒಳಗೆ ಹೋಗುವುದಿಲ್ಲ. ನಮ್ಮ ಅಣ್ಣ ಈಗ ಮಂದ ಕೆಂಪು ದೀಪ ಬಿಟ್ಟು ಬೇರೇನೂ ಬಳಸುವುದಿಲ್ಲ, ಹೊಸಬರಿಗೂ ಅವರೇ ಹೇಳಿಕೊಡುತ್ತಾರೆ.

ತಟ್ಟೆಯಲ್ಲಿ ಎರಡು ದಿನ

ಗ್ರಂಥಿ ತೆಗೆಯುವುದು ಹಗಲಲ್ಲಿ, ದೀಪ ಉರಿಯುತ್ತಿರುವಾಗ. ಆಗ ಮೆಲಟೋನಿನ್ ತೀರಾ ಕಡಿಮೆ ಮಟ್ಟದಲ್ಲಿರುತ್ತದೆ. ತಲೆಬುರುಡೆಯ ಮೇಲ್ಚಿಪ್ಪು ಎತ್ತುವಾಗ ಆತುರ ಬೇಡ. ಬಹಳ ಸಲ ಪೀನಿಯಲ್ ಮಿದುಳಿನ ಮೇಲೆ ಇರದೆ ಚಿಪ್ಪಿನ ಒಳಗಡೆ ಪೊರೆಗೆ ಅಂಟಿಕೊಂಡು ಬರುತ್ತದೆ. ಮಿದುಳಿನಲ್ಲಿ ಹುಡುಕಿ ಸಿಗದಿದ್ದರೆ ಮೊದಲು ಅಲ್ಲಿ ನೋಡಿ.

ತಟ್ಟೆಯ ಒಂದು ಗುಳಿಗೆ (ವೆಲ್) ಒಂದು ಗ್ರಂಥಿ. ಬಿಜಿಜೆಬಿ ಮೀಡಿಯಂ (ಗ್ರಂಥಿಯನ್ನು ಬದುಕಿಸುವ ಪೋಷಕ ದ್ರವ), 37 ಡಿಗ್ರಿ, ಶೇ. 95 ಆಮ್ಲಜನಕ ಮತ್ತು ಶೇ. 5 ಇಂಗಾಲದ ಡೈಆಕ್ಸೈಡ್. ದಿನಕ್ಕೊಮ್ಮೆ ಮೀಡಿಯಂ ಬದಲಿಸಿ 48 ಗಂಟೆ ಸುಮ್ನೆ ಬಿಡಿ.

ಈ 48 ಗಂಟೆಯನ್ನು ಉಳಿಸಲು ಹೋಗಬೇಡಿ. ಗ್ರಂಥಿ ತೆಗೆದಾಗ ಅದರ ಜೊತೆ ಕತ್ತರಿಸಿದ ನರದ ತುದಿಗಳೂ ಬರುತ್ತವೆ. ಅವುಗಳಲ್ಲಿ ನಾರ್‌ಅಡ್ರಿನಲಿನ್ ತುಂಬಿರುತ್ತದೆ. ಅದೇ ದಿನ ಪೆಪ್ಟೈಡ್ ಹಾಕಿ ಮೆಲಟೋನಿನ್ ಏರಿದರೆ, ಪೆಪ್ಟೈಡ್ ಪೀನಿಯಲ್ ಜೀವಕೋಶವನ್ನು ಮುಟ್ಟಿತೋ, ನರದ ತುದಿಯಿಂದ ನಾರ್‌ಅಡ್ರಿನಲಿನ್ ಹೊರದಬ್ಬಿತೋ ಹೇಳಲಾಗದು. ಎರಡು ದಿನದಲ್ಲಿ ಆ ತುದಿಗಳು ಸಾಯುತ್ತವೆ. ಉಳಿಯುವುದು ಪೀನಿಯಲ್ ಜೀವಕೋಶಗಳ ಉತ್ತರ ಮಾತ್ರ.

ಎನ್‌ಪಿವೈ ಕೈಗೆತ್ತಿಕೊಂಡವರು ಮಾತ್ರ ಎರಡೂ ಮಾಡಬೇಕು. ಎನ್‌ಪಿವೈಯ ಒಂದು ಮುಖ್ಯ ಕೆಲಸವೇ ನರದ ತುದಿಯ ಮೇಲೆ. ಅದು ನಾರ್‌ಅಡ್ರಿನಲಿನ್ ಹೊರಬೀಳುವುದನ್ನು ತಗ್ಗಿಸುತ್ತದೆ. ಎರಡು ದಿನ ಕಳೆದ ಗ್ರಂಥಿಯಲ್ಲಿ ತುದಿಯೇ ಇಲ್ಲ, ತಗ್ಗಿಸುವುದು ಏನನ್ನು? ಹಾಗಾಗಿ ಒಂದು ಗುಂಪು ತಾಜಾ ಗ್ರಂಥಿ, ಇನ್ನೊಂದು 48 ಗಂಟೆಯ ಗ್ರಂಥಿ ಇಟ್ಟುಕೊಂಡು ಪಕ್ಕಪಕ್ಕ ನೋಡಿ. ಎರಡರ ವ್ಯತ್ಯಾಸದಲ್ಲೇ ನಿಮಗೆ ಬೇಕಾದ ಸುದ್ದಿ ಇರುತ್ತದೆ.

ವಯಲ್ ಒಡೆಯುವ ಮೊದಲು

ಪೆಪ್ಟೈಡ್ ದುಬಾರಿ, ನಾಜೂಕು ಕೂಡ. ವಿಐಪಿ 28 ಅಮೈನೋ ಆಮ್ಲಗಳ ಸರಪಣಿ, ಎನ್‌ಪಿವೈ 36ರದ್ದು. ಪಿಎಸಿಎಪಿಯಲ್ಲಿ 38 ಮತ್ತು 27ರ ಎರಡು ರೂಪಗಳಿವೆ, ಯಾವುದು ತರಿಸಿದಿರಿ ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. ಕೊರಿಯರ್ ಬಂದ ಕೂಡಲೇ ಪ್ಯಾಕ್ ತಣ್ಣಗಿದೆಯಾ ನೋಡಿ ಡೀಪ್ ಫ್ರೀಜರ್‌ಗೆ ಸೇರಿಸಿ. ವಯಲ್ ತೆರೆಯುವ ಮೊದಲು ಅದು ಕೋಣೆಯ ಬಿಸಿಗೆ ಬರಲಿ, ಇಲ್ಲದಿದ್ದರೆ ಗಾಳಿಯ ತೇವ ಪುಡಿಗೆ ಇಳಿಯುತ್ತದೆ. ಜುಲೈಯ ಥಂಡಿಯಲ್ಲಿ ಇದು ಜಾಸ್ತಿ. ಕರಗಿಸಿದ ಮೇಲೆ ಒಂದು ಸಲಕ್ಕೆ ಸಾಲುವಷ್ಟು ಸಣ್ಣ ಸಣ್ಣ ಪಾಲು ಮಾಡಿ ಫ್ರೀಜರ್‌ನಲ್ಲಿ ಇಡಿ. ಫ್ರೀಜರ್‌ನಿಂದ ತೆಗೆದು ಕರಗಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸುವುದು ಬೇಡವೇ ಬೇಡ. ತೆಳುವಾದ ದ್ರಾವಣದಲ್ಲಿ ಪೆಪ್ಟೈಡ್ ಟ್ಯೂಬಿನ ಗೋಡೆಗೆ ಅಂಟಿಕೊಂಡು ಕಾಣೆಯಾಗುತ್ತದೆ. ಶೇ. 0.1ರಷ್ಟು ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಿದರೆ ಅಂಟುವುದು ಕಡಿಮೆ. ನಾರ್‌ಅಡ್ರಿನಲಿನ್ ಗಾಳಿಗೆ ಬೇಗ ಕೆಡುತ್ತದೆ, ಅದಕ್ಕೆ ಆಸ್ಕಾರ್ಬಿಕ್ ಆಮ್ಲ ಸೇರಿಸಿ ಪ್ರತಿ ಸಲ ಹೊಸದಾಗಿ ತಯಾರಿಸಿ.

ಇಲ್ಲೇ ಒಂದು ಮಾತು, ಪ್ರಯೋಗಾಲಯದ ಹೊರಗಿನವರಿಗೆ. ರಾತ್ರಿ ಪಾಳಿ ಮಾಡಿ ನಿದ್ದೆ ಕೆಟ್ಟವರು ಈ ಊರಲ್ಲಿ ಬಹಳ. "ಪೀನಿಯಲ್ ಪೆಪ್ಟೈಡ್" ಅಂತ ಆನ್‌ಲೈನ್‌ನಲ್ಲಿ ಮಾರುವುದನ್ನು ಚುಚ್ಚಿಕೊಳ್ಳಬಹುದಾ ಅಂತ ನನ್ನನ್ನು ಕೇಳಿದವರಿದ್ದಾರೆ. ದಯವಿಟ್ಟು ಬೇಡ. ತಟ್ಟೆಯಲ್ಲಿ ಕಂಡದ್ದು ಮೈಯಲ್ಲಿ ಆಗುತ್ತದೆ ಅನ್ನುವಂತಿಲ್ಲ. ರಕ್ತಕ್ಕೆ ಹೋದ ವಿಐಪಿ ಕೆಲವೇ ನಿಮಿಷದಲ್ಲಿ ಒಡೆದುಹೋಗುತ್ತದೆ, ಅಷ್ಟರೊಳಗೆ ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುತ್ತದೆ. ನಿದ್ದೆ ಕೆಟ್ಟಿದ್ದರೆ ವೈದ್ಯರನ್ನು ಕಾಣಿ. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಾತ್ರಿಯ ಮೆಲಟೋನಿನ್ ತಗ್ಗುವುದುಂಟು. ಅದನ್ನೂ ಅವರ ಹತ್ತಿರವೇ ಮಾತಾಡಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ನಾಲ್ಕು ಗುಂಪು

ಮೀಡಿಯಂ ಮಾತ್ರ, ನಾರ್‌ಅಡ್ರಿನಲಿನ್ ಮಾತ್ರ, ಪೆಪ್ಟೈಡ್ ಮಾತ್ರ, ಎರಡೂ. ಇದರಲ್ಲಿ ಒಂದನ್ನು ಬಿಟ್ಟರೂ ಮೊದಲ ಪ್ರಶ್ನೆಗೆ ಉತ್ತರ ಬರದು. ನಾರ್‌ಅಡ್ರಿನಲಿನ್ 1 ಮೈಕ್ರೋಮೋಲಾರ್ ಇಟ್ಟುಕೊಂಡು ಶುರುಮಾಡಿ. ಪೆಪ್ಟೈಡನ್ನು 1 ನ್ಯಾನೋಮೋಲಾರ್‌ನಿಂದ 1 ಮೈಕ್ರೋಮೋಲಾರ್ ತನಕ ಹತ್ತು ಹತ್ತು ಪಟ್ಟು ಏರಿಸುತ್ತಾ ನೋಡಿ. ನಾರ್‌ಅಡ್ರಿನಲಿನ್ ಪೂರ್ತಿ ಮಟ್ಟದಲ್ಲಿದ್ದರೆ ಮೇಲೆ ಏರಲು ಜಾಗವೇ ಇರುವುದಿಲ್ಲ, ಪೆಪ್ಟೈಡ್‌ನ ಸಹಾಯ ಕಾಣದೆ ಹೋಗುತ್ತದೆ. ಅದಕ್ಕೆ ಕಡಿಮೆ ಮಟ್ಟದ ಇನ್ನೊಂದು ಸಾಲೂ ಇರಲಿ.

ವಿಐಪಿ ಒಂಟಿಯಾಗಿ ಕೆಲಸ ಮಾಡಿತು ಅನಿಸಿದರೆ ಬೀಟಾ ರಿಸೆಪ್ಟರ್ ಮುಚ್ಚುವ ಪ್ರೊಪ್ರನಲಾಲ್ ಹಾಕಿದ ಒಂದು ಗುಂಪು ಸೇರಿಸಿ. ಬೀಟಾ ಮುಚ್ಚಿದ ಮೇಲೂ ಏರಿಕೆ ಉಳಿದರೆ ಅದು ವಿಐಪಿಯದೇ. ಇಲಿಯಲ್ಲಿ ಏರಿಕೆಗೆ ಗಂಟೆಗಳು ಬೇಕು, ಒಂದು ಗಂಟೆಗೇ ಮೀಡಿಯಂ ತೆಗೆದು "ಏನೂ ಆಗಲಿಲ್ಲ" ಅನ್ನಬೇಡಿ. ಎರಡೆರಡು ಗಂಟೆಗೆ ತೆಗೆಯುತ್ತಾ 8 ಗಂಟೆ ತನಕ ಹೋಗಿ. ಮೆಲಟೋನಿನ್ ಅಳೆಯುವ ಎಲೈಸಾ ಕಿಟ್‌ನ ಸ್ಟ್ಯಾಂಡರ್ಡ್‌ಗಳನ್ನು (ಪ್ರಮಾಣ ಗೊತ್ತಿರುವ ಹೋಲಿಕೆಯ ದ್ರಾವಣಗಳನ್ನು) ನಿಮ್ಮ ಮೀಡಿಯಂನಲ್ಲೇ ತಯಾರಿಸಿ. ನೀರಿನಲ್ಲಿ ಮಾಡಿದ ಗೆರೆಗೂ ಮೀಡಿಯಂನಲ್ಲಿ ಮಾಡಿದ ಗೆರೆಗೂ ವ್ಯತ್ಯಾಸ ಬರಬಹುದು.

ಲೆಕ್ಕ ನೋಡುವಾಗ ಸುಮ್ನೆ ಒಂದು ಉದಾಹರಣೆ ಹಿಡಿಯೋಣ. ಮೀಡಿಯಂ ಮಾತ್ರ ಇದ್ದಾಗ 1. ಪೆಪ್ಟೈಡ್ ಹಾಕಿದಾಗ 3, ಅಂದರೆ ಅದು ಸೇರಿಸಿದ್ದು 2. ನಾರ್‌ಅಡ್ರಿನಲಿನ್ ಹಾಕಿದಾಗ 10, ಸೇರಿಸಿದ್ದು 9. ಎರಡೂ ಹಾಕಿದಾಗ 12 ಬಂದರೆ ಇಬ್ಬರೂ ತಮ್ಮ ತಮ್ಮ ಪಾಲು ಹಾಕಿದ್ದಾರೆ ಅಷ್ಟೇ. 25 ಬಂದರೆ ಒಬ್ಬರು ಇನ್ನೊಬ್ಬರ ಕೆಲಸವನ್ನು ದೊಡ್ಡದು ಮಾಡಿದ್ದಾರೆ. 6 ಬಂದರೆ ಅಡ್ಡಿ ಮಾಡಿದ್ದಾರೆ. ಗುಂಪುಗಳನ್ನು ಹೋಲಿಸುವ ಟೂ-ವೇ ಅನೋವಾ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ "ಇಂಟರಾಕ್ಷನ್" ಅಂತ ಬರುವ ಸಾಲು ಕೇಳುವುದು ಇದನ್ನೇ. ಕಂಪ್ಯೂಟರ್ ಮುಂದೆ ಕೂರುವ ಮೊದಲು ಈ ಲೆಕ್ಕ ಕೈಯಲ್ಲಿ ಮಾಡಿ. ಗ್ರಾಫ್‌ನಲ್ಲಿ ಬರೀ ಸರಾಸರಿಯ ಕಂಬ ನಿಲ್ಲಿಸಬೇಡಿ, ಪ್ರತಿ ಗ್ರಂಥಿಗೂ ಒಂದು ಚುಕ್ಕಿ ಇಡಿ. ಗುಂಪಿಗೆ ಆರೇ ಗ್ರಂಥಿ ಇರುವಾಗ ಒಂದೇ ಒಂದು ಗ್ರಂಥಿ ಇಡೀ ಕಂಬವನ್ನು ಎತ್ತಿಬಿಡಬಲ್ಲದು.

ಫಲಿತಾಂಶ ಬರೆಯುವಾಗ "ವಿಐಪಿ ಮೆಲಟೋನಿನ್ ಹೆಚ್ಚಿಸುತ್ತದೆ" ಅಂತ ನಿಲ್ಲಿಸಿದವರ ಹಾಳೆಯನ್ನು ನಾನು ವಾಪಸ್ ಕೊಡುತ್ತೇನೆ. ಹೀಗೆ ಬರೆಯಿರಿ: ಗಂಡು ಇಲಿಯ, ಹಗಲಲ್ಲಿ ತೆಗೆದ, 48 ಗಂಟೆ ಬೆಳೆಸಿದ ಪೀನಿಯಲ್‌ಗೆ, ನಾರ್‌ಅಡ್ರಿನಲಿನ್ ಇಲ್ಲದೆ, ಇಷ್ಟು ನ್ಯಾನೋಮೋಲಾರ್ ವಿಐಪಿ ಹಾಕಿದಾಗ, 8 ಗಂಟೆಯಲ್ಲಿ ಮೀಡಿಯಂನ ಮೆಲಟೋನಿನ್ ಇಷ್ಟಾಯಿತು. ಏರದಿದ್ದರೂ ಇದೇ ಸಾಲು, ಇದೇ ವಿವರ. ಅಳೆದು ಮಿಕ್ಕ ಮೀಡಿಯಂಗೆ ದಿನಾಂಕ, ವೆಲ್ ನಂಬರ್ ಬರೆದು ಫ್ರೀಜರ್‌ನಲ್ಲಿಡಿ. ಗ್ರಂಥಿಗಳನ್ನೂ ಎಸೆಯಬೇಡಿ, ಮೈನಸ್ 80ರಲ್ಲಿ ಇಟ್ಟರೆ ಮುಂದಿನ ವರ್ಷ ಬರುವವರು ಅದರಲ್ಲೇ ಎಎಎನ್‌ಎಟಿ ಎಂಆರ್‌ಎನ್‌ಎ ನೋಡಬಹುದು. ಅಷ್ಟು ಇಲಿಗಳು ಕಡಿಮೆ ಸಾಕು.